ಅತ್ತೆಯ ಬಾಣಲೆಗೊಂದು ಬಾಣ

ಬೇರೆ ಹೆಂಗಸರ ಗಂಡಂದಿರು ಕುಡಿಯುತ್ತಾರೆ, ಇಸ್ಪೀಟು ಆಡುತ್ತಾರೆ. ನಮ್ಮವರಿಗೆ ಅಂಥ ಚಾಳಿ ಒಂದೂ ಇಲ್ಲ. ನಮ್ಮವರು ಆರಿಸುತ್ತಾರೆ. ಏನನ್ನು ಅಂತೀರಾ? ಮೀನು ಹೊಡೆಯುವ ಬಿಲ್ಲನ್ನು. ಮದುವೆಯಾದ ಹೊಸದರಲ್ಲಿ ಆರಿಸಲು ಕೂತವರು ಮಗಳು ಕಾಲೇಜಿಗೆ ಹೋದರೂ ಇನ್ನೂ ಎದ್ದಿಲ್ಲ.

ಲೂಸಿಯಾನದ ನಮ್ಮ ಬಾಯೂ ದಂಡೆಯಲ್ಲಿ (ಬಾಯೂ ಅಂದರೆ ಹರಿಯಲೋ ಬೇಡವೋ ಅಂತ ಯೋಚಿಸುತ್ತಾ ಮಲಗಿರುವ ಹೊಳೆ, ಥೇಟ್ ನಮ್ಮವರ ಹಾಗೆ) ದೋಣಿ ಇರುವ ಪ್ರತಿಯೊಬ್ಬನ ಹತ್ತಿರವೂ ಒಂದು ಬಿಲ್ಲು ಇದ್ದೇ ಇರುತ್ತದೆ. ನಮ್ಮ ಗಾರ್ ಮೀನಿನದು ಮೊಸಳೆ ಮೂತಿ, ಕಲ್ಲಿನಂಥ ಹುರುಪೆ. ಗಾಳಕ್ಕೆ ಸುಲಭವಾಗಿ ಸಿಗುವ ಪೈಕಿಯಲ್ಲ. ಬಿಸಿಲು ಕಾಯಲು ಮೇಲೆ ಬಂದಾಗ ದಾರ ಕಟ್ಟಿದ ಬಾಣ ಬಿಟ್ಟು, ಆ ದಾರ ಹಿಡಿದು ಎಳೆದುಕೊಳ್ಳಬೇಕು. ಕೆಲಸ ಇಷ್ಟೇ. ಆದರೆ ನಮ್ಮ ಧನುರ್ವೇದ ಪಾರಂಗತರಾದ ಶ್ರೀಮಾನ್ ಟೆಲೆಸ್ಫೋರ್ ಅವರಿಗೆ ಅಷ್ಟು ಸಾಕೇ?

"ಎಲೋಡಿ, ಗಾಲಿ ಇರೋ ಬಿಲ್ಲು ಒಳ್ಳೇದೋ, ಹಳೇ ಕಾಲದ ಬಾಗಿದ ಬಿಲ್ಲು ಒಳ್ಳೇದೋ?" ಎಂದು ಬೆಳಗಿನ ಕಾಫಿಗೆ ಶುರು.

"ಯಾವುದಾದ್ರೂ ಒಂದು ತಗೊಳ್ರೀ. ಸಾಯೋದು ಮೀನು. ಅದೇನು ಬಿಲ್ಲು ನೋಡಿ ಸಾಯುತ್ತಾ?"

"ನಿನಗೆ ಗೊತ್ತಾಗಲ್ಲ ಸುಮ್ನಿರೇ. ಇನ್ನು ರೀಲು ಬೇರೆ ಇದೆ."

ರೀಲು ಎಂದರೆ ಬಿಲ್ಲಿಗೆ ಕಟ್ಟುವ ದಾರದ ಉಂಡೆ. ಅದರ ಮೇಲೆ ಒಂದು ವರ್ಷ ವಿಚಾರಣೆ ನಡೆಯಿತು. ಬಾಣದ ಮೊನೆಯ ಮುಳ್ಳಿನ ಮೇಲೆ ಇನ್ನೊಂದು ವರ್ಷ. ನಮ್ಮ ಊಟದ ಮೇಜಿನ ಮೇಲೆ ಊಟ ಬಿಟ್ಟು ಉಳಿದದ್ದೆಲ್ಲ ಇತ್ತು. ಈ ಮನುಷ್ಯ ಹೆಂಡತಿಯನ್ನು ಒಂದೇ ನೃತ್ಯದಲ್ಲಿ ಆರಿಸಿಕೊಂಡರಲ್ಲ, ಅದು ಹೇಗೆ ಅಂತ ನನಗೆ ಇವತ್ತಿಗೂ ಆಶ್ಚರ್ಯ.

ನಾನು ಇದನ್ನೆಲ್ಲ ನುಂಗಿಕೊಂಡೇ ಇರುತ್ತಿದ್ದೆನೇನೋ. ಆದರೆ ಈ ಸಲ ನಮ್ಮತ್ತೆ ಓಝೀತ್ ಒಂದು ಬಾಂಬು ಹಾಕಿದರು.

ಗುಡ್ ಫ್ರೈಡೆ ದಿನ ನಮ್ಮಲ್ಲಿ ಮಾಂಸ ಮುಟ್ಟುವ ಹಾಗಿಲ್ಲ, ಮೀನು ಮಾತ್ರ ನಡೆಯುತ್ತದೆ. ಟೆಕ್ಸಾಸಿನ ನೆಂಟರೂ ಸೇರಿದಂತೆ ಇಡೀ ಕುಲ ಅತ್ತೆ ಮನೆಯಲ್ಲಿ ಕೂಡಿ ಗಾರ್ ಮೀನಿನ ಉಂಡೆ ತಿನ್ನುತ್ತದೆ. ಮೀನನ್ನು ತರುವವರು ಪ್ರತಿ ವರ್ಷವೂ ನಮ್ಮ ಭಾವ ಯುಲೀಸ್. ಹೀಗಾಗಿ ಒಲೆ ಮುಂದೆ ನಿಂತು ಮೆರೆಯುವವಳು ಅವರ ಹೆಂಡತಿ, ನನ್ನ ವಾರಗಿತ್ತಿ ಕ್ಲೆಲಿ. ಉಂಡೆ ಕರಿಯುವುದು ಅತ್ತೆಯ ಅಜ್ಜಿಯ ಕಾಲದ ಕಬ್ಬಿಣದ ಬಾಣಲೆಯಲ್ಲಿ. ಕಪ್ಪಗೆ, ಕನ್ನಡಿಯ ಹಾಗೆ ಹೊಳೆಯುವ ಬಾಣಲೆ. ಅದರಲ್ಲಿ ಈರುಳ್ಳಿ ಹಾಕಿದರೆ ಪಕ್ಕದ ಓಣಿಯವರು ಊಟಕ್ಕೆ ಕೂರುತ್ತಾರೆ. ಆ ಬಾಣಲೆಯ ಮೇಲೆ ನನಗೆ ಮದುವೆಯಾದ ದಿನದಿಂದ ಕಣ್ಣು.

"ನನ್ನ ಮಂಡಿ ಹೋಯ್ತು ಕಣ್ರೇ. ಈ ಗುಡ್ ಫ್ರೈಡೆಗೆ ಯಾರ ಮನೆಯಿಂದ ಗಾರ್ ಬರ್ತದೋ, ಬಾಣಲೆ ಆ ಮನೇಗೆ" ಅಂದರು ಅತ್ತೆ.

ನಾನು ಆಗಲೇ ಮನಸ್ಸಿನಲ್ಲಿ ನಮ್ಮ ಒಲೆ ಮೇಲೆ ಬಾಣಲೆ ಇಟ್ಟೆ. ಕ್ಲೆಲಿ ಮಾತ್ರ, "ಎಲೋಡಿಗೇ ಸಿಗ್ಲಿ ಬಿಡಿ ಅತ್ತೆ, ನಂದೂ ಸೊಂಟ ಹಿಡ್ಕೊಂಡಿದೆ" ಎಂದು ನಗುತ್ತಾ ಹೇಳಿದಳು. ಎಂಥ ನಟನೆ! ಗೆಲ್ಲುವುದು ಖಾತ್ರಿ ಇರುವವರಿಗೆ ಇಂಥ ಔದಾರ್ಯ ತಾನಾಗಿ ಬರುತ್ತದೆ.

ಮನೆಗೆ ಬರುವ ದಾರಿಯಲ್ಲಿ ನಮ್ಮವರನ್ನು ಕೇಳಿದೆ. "ಈ ಸಲವಾದ್ರೂ ಹೊಡೀತೀರಾ?"

"ಇನ್ನೂ ಬಿಲ್ಲೇ ಆರಿಸಿಲ್ವಲ್ಲೇ."

"ಸರಿ ಹಾಗಾದ್ರೆ. ನಾನೇ ಆರಿಸ್ತೀನಿ, ನಾನೇ ಹೊಡೀತೀನಿ. ನೀವು ದೋಣಿ ನಡೆಸಿ."

ನಮ್ಮವರ ಮುಖ ಬಿಳುಚಿಕೊಂಡಿತು. ಹೆಂಡತಿ ಮುಂದೆ ಮರ್ಯಾದೆ ಹೋಗುತ್ತಲ್ಲ ಅಂತ ಸಂಕಟ, ಪಾಪ, ಅಂದುಕೊಂಡೆ. ಆದರೆ ಅಂಗಡಿಗೆ ನನ್ನ ಹಿಂದೆಯೇ ಬಂದರು. ಅಷ್ಟೇ ಅಲ್ಲ, ವರ್ಷಗಟ್ಟಲೆ ಬಾಯಿಗೆ ಬಾರದ ತೀರ್ಮಾನಗಳು ಅಲ್ಲಿ ಪಟಪಟನೆ ಉದುರಿದವು.

"ಅಗೋ, ಆ ದೊಡ್ಡ ಗಾಲಿ ಬಿಲ್ಲು ತಗೋ. ಭಾರ ಇದ್ದಷ್ಟೂ ಒಳ್ಳೇದು."

ಅದನ್ನು ಎಳೆಯಲು ಎತ್ತುಗಳು ಬೇಕು. "ನನಗೆ ಹಗುರದ್ದು ಕೊಡಪ್ಪಾ, ಆ ಬಾಗಿದ್ದು" ಎಂದೆ ಅಂಗಡಿಯವನಿಗೆ.

"ರೀಲು ಮಾತ್ರ ಗುಂಡಿ ಇರೋದೇ ಬೇಕು. ಬಾಣ ಬಿಡೋ ಮುಂಚೆ ಗುಂಡಿ ಒತ್ತಬೇಕು, ಮರೆತ್ರೆ ದಾರ ಕಿತ್ಕೊಂಡು ಹೋಗುತ್ತೆ, ಅಷ್ಟೆ."

ಮೀನು ಕಂಡ ಗಡಿಬಿಡಿಯಲ್ಲಿ ಗುಂಡಿ ನೆನಪಿಟ್ಟುಕೊಳ್ಳಬೇಕಂತೆ! ಒಲೆ ಮೇಲೆ ಹಾಲಿಟ್ಟು ಮರೆಯುವ ಮನುಷ್ಯನ ಉಪದೇಶ ನೋಡಿ. ಪಕ್ಕದಲ್ಲೇ ಬಾಟಲಿಯಂಥ ಡಬ್ಬಿ ಇರುವ ರೀಲು ಇತ್ತು. ದಾರ ಅದರೊಳಗೆ ಸುಮ್ಮನೆ ಬಿದ್ದಿರುತ್ತದೆ, ಬಾಣದ ಜೊತೆ ಓಡುತ್ತದೆ, ಗುಂಡಿಯ ಕಾಟವಿಲ್ಲ. ಅದನ್ನೇ ಕಟ್ಟಿಸಿದೆ.

"ಬಾಣಕ್ಕೆ ಗರಿ ಇರ್ಲಿ ಎಲೋಡಿ, ಗರಿ ಇಲ್ದಿದ್ರೆ ಬಾಣಾನಾ ಅದು?"

ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ. ನಮ್ಮವರು ಅವನ ಕಾಲು ತುಳಿದದ್ದು ನನಗೆ ಕಾಣಿಸಿತು. (ಅವನ ಮುಂದೆ ತಾವೇ ಪಂಡಿತರಾಗುವ ಚಪಲ ಅಂತ ನಾನು ತಿಳಿದೆ.) ನೀರಿಗೆ ಬೀಳುವ ಬಾಣಕ್ಕೆ ಗರಿ ಯಾಕೆ, ಅದೇನು ಮದುವೆಗೆ ಹೊರಟಿದೆಯಾ? ಬೋಳು ಬಾಣವನ್ನೇ ಕೊಂಡೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಮನೆಗೆ ಬರುವವರೆಗೂ ನಾನು ಒಳಗೊಳಗೇ ಉಬ್ಬಿದೆ.

ಗುಡ್ ಫ್ರೈಡೆ ಬೆಳಿಗ್ಗೆ ದೋಣಿಯ ಮೂತಿಯ ಮೇಲೆ ರಣಚಂಡಿಯ ಹಾಗೆ ನಿಂತೆ. ಎದುರಿಗೆ ಭಾವನ ದೋಣಿ ಬಂತು, ಬರಿದೋ ಬರಿದು.

"ಬಾಣದ ಮೊನೆ ಕಳಚಿ ಬಿತ್ತು ಕಣಮ್ಮಾ. ಇವತ್ತು ನನ್ನ ಗ್ರಹಚಾರ ಸರಿಯಿಲ್ಲ" ಎಂದು ಯುಲೀಸ್ ಭಾವ ಹಲ್ಲು ಕಿರಿದು ಸಿಳ್ಳೆ ಹಾಕುತ್ತಾ ಹೋದರು. ಸೋತವನ ಸಿಳ್ಳೆ ಎಂದು ನನಗೆ ಅಯ್ಯೋ ಎನಿಸಿತು.

ಸೈಪ್ರೆಸ್ ಮರದ ನೆರಳಲ್ಲಿ ಒಂದು ಗಾರ್, ನನ್ನ ಎತ್ತರಕ್ಕೆ ತುಸುವೇ ಕಡಿಮೆ, ಸೋಮಾರಿಯಾಗಿ ತೇಲುತ್ತಿತ್ತು. ನಾನು ಬಿಲ್ಲು ಎಳೆದೆ.

"ಎಲೋಡಿ, ಮೀನು ಕಾಣೋ ಜಾಗಕ್ಕೇ ಸರಿಯಾಗಿ ಗುರಿ ಇಡು. ಅಥವಾ ಒಂಚೂರು ಮೇಲಕ್ಕೆ. ಕೆಳಗೆ ಮಾತ್ರ ಬೇಡ, ನಿನ್ನ ದಮ್ಮಯ್ಯ!" ಎಂದು ಹಿಂದಿನಿಂದ ಪಿಸುಗುಟ್ಟಿದರು.

ಜೀವಮಾನದಲ್ಲಿ ಒಂದು ಮೀನು ಹೊಡೆಯದವರು ನನಗೆ ಗುರಿ ಹೇಳಿಕೊಡುವುದೇ? ಸಿಟ್ಟಿಗೆ ಕೆಳಕ್ಕೇ ಬಿಟ್ಟೆ. ಕಚಕ್! ಬಾಣ ನಡುಬೆನ್ನಿಗೆ ನೆಟ್ಟಿತು, ನೀರು ಕುದಿಯಿತು, ಡಬ್ಬಿಯ ದಾರ ಸರ್ರನೆ ಓಡಿತು. ನಾನು ಕೂಗಿದ ಕೂಗಿಗೆ ಕೊಕ್ಕರೆಗಳೆಲ್ಲ ಎದ್ದು ಹೋದವು. ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತರು. ಹೊಟ್ಟೆಕಿಚ್ಚು!

ಮೀನನ್ನು ಕೊಡಲಿಯಿಂದ ಸೀಳಿ, ಚಮಚದಲ್ಲಿ ಮಾಂಸ ಕೆರೆದು, ಉಂಡೆ ಕಟ್ಟಿ, ಮಧ್ಯಾಹ್ನ ಆ ಬಾಣಲೆಯ ಮುಂದೆ ನಿಂತೆ. ಕ್ಲೆಲಿಯ ಕಣ್ಣಲ್ಲಿ ನೀರು. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಊಟ ಮುಗಿದ ಮೇಲೆ ಅತ್ತೆ ಎದ್ದು ಬಾಣಲೆಯನ್ನು ನನ್ನ ಕೈಗಿಟ್ಟರು. "ಒಳ್ಳೇ ಮನೆ ಸೇರ್ತು, ಮಗಳೇ. ಬಾಣಲೆ ಎಲ್ಲೋ ಹಬ್ಬ ಅಲ್ಲೇ. ಇನ್ನು ಗುಡ್ ಫ್ರೈಡೆ, ಈಸ್ಟರ್, ಕ್ರಿಸ್ಮಸ್ ಎಲ್ಲಾ ನಿನ್ನ ಮನೇಲೇ. ಟೆಕ್ಸಾಸಿನೋರು ಯಾವತ್ತೂ ಒಂದು ವಾರ ಉಳ್ಕೋತಾರೆ, ಹಾಸಿಗೆ ಜೋಡಿಸಿಟ್ಟಿರು."

ಅಂಗಳದಲ್ಲಿದ್ದ ಇಡೀ ಕುಲ ಹೋ ಎಂದು ಚಪ್ಪಾಳೆ ತಟ್ಟಿತು. ಕ್ಲೆಲಿ ಓಡಿ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. "ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ ಕಣೇ! ಇವ್ರು ಬೆಳಗ್ಗೆ ಮೂರು ಗಾರ್ ಕಂಡ್ರೂ ಹೊಡೀದೆ ಬಂದ್ರು!" ಆ ಕಣ್ಣೀರು ಯಾವ ಬಗೆಯದು ಅಂತ ಆಗ ನನಗೆ ತಿಳಿಯಿತು.

ಬಾಣಲೆ ಹೊತ್ತುಕೊಂಡೇ ನಮ್ಮವರತ್ತ ತಿರುಗಿದೆ. "ನಿಮಗೆ ಇದೆಲ್ಲ ಗೊತ್ತಿತ್ತಾ?"

"ಮೀನು ತಂದೋರ ಮನೇಗೇ ಒಂದಿನ ಈ ಬಾಣಲೆ, ಹಬ್ಬ, ನೆಂಟರು ಎಲ್ಲಾ ಬರುತ್ತೆ ಅಂತ ಅಮ್ಮ ನಮ್ಮ ಮದುವೇಲೇ ಹೇಳಿದ್ಳು. ಇಷ್ಟು ವರ್ಷ ಸುಮ್ನೆ ಬಿಲ್ಲು ಆರಿಸ್ತಾ ಕೂತಿದ್ನೇನೇ ನಾನು?" ನಮ್ಮವರು ಬೆರಳು ಮಡಚಿ ಎಣಿಸತೊಡಗಿದರು. "ಆಗದ ಬಿಲ್ಲು ತೋರಿಸ್ದೆ, ಆಗದ ರೀಲು ತೋರಿಸ್ದೆ, ನೀರಲ್ಲಿ ದಿಕ್ಕು ತಪ್ಪೋ ಗರಿ ಬಾಣ ತೋರಿಸ್ದೆ, ಕೊನೇಗೆ, ನೀರಲ್ಲಿ ಮೀನು ಇರೋದಕ್ಕಿಂತ ಮೇಲೆ ಕಾಣುತ್ತೆ ಅಂತ ಗೊತ್ತಿದ್ದೂ, ಗುರೀನೂ ತಪ್ಪು ಹೇಳ್ದೆ. ಮದುವೆಯಾದಾಗಿನಿಂದ ಒಂದೇ ಒಂದು ಸಲ, ಎಲೋಡಿ, ಒಂದೇ ಒಂದು ಸಲ ನನ್ನ ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಟೆಕ್ಸಾಸಿನ ಚಿಕ್ಕತ್ತೆ ಬಂದು, ನಮ್ಮ ಮನೆಯಲ್ಲಿ ಸ್ನಾನದ ಕೋಣೆ ಎಷ್ಟು ಅಂತ ಕೇಳಿದರು.