ನಾನು ವಾಪಸು ಬರುವ ಮನುಷ್ಯ

ಪ್ರತಿಯೊಬ್ಬನಿಗೂ ತನ್ನಲ್ಲಿ ಒಂದಾದರೂ ಒಳ್ಳೆಯ ಗುಣವಿದೆ ಎಂಬ ನಂಬಿಕೆ ಬೇಕಾಗುತ್ತದೆ. ಇಲ್ಲದಿದ್ದರೆ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗಡ್ಡ ಬೋಳಿಸಿಕೊಳ್ಳುವುದು ಕಷ್ಟ. ನಾನು ಧೈರ್ಯವಂತನೆಂದು ಹೇಳಿಕೊಳ್ಳಲಾರೆ, ಏಕೆಂದರೆ ಘಾಟ್ಕೋಪರಿನ ನಮ್ಮ ಸೊಸೈಟಿಯ ಸೆಕ್ರೆಟರಿ ಲಿಫ್ಟಿನಲ್ಲಿ ಕಂಡರೆ ಮೆಟ್ಟಿಲ ಕಡೆ ತಿರುಗುತ್ತೇನೆ. ಬುದ್ಧಿವಂತನೆಂದುಕೊಂಡಿದ್ದೆ, ಆ ವಿಷಯ ಮುಂದೆ ಬರುತ್ತದೆ. ಆದರೆ ಒಂದು ಗುಣದ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನಾನು ವಾಪಸು ಬರುವ ಮನುಷ್ಯ. ಕಾಂದಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಅಷ್ಟು ವರ್ಷವೂ ಲೋಕಲ್ ರೈಲು ಹಿಡಿದು ಹೋಗಿದ್ದೇನೆ, ಲೋಕಲ್ ಹಿಡಿದು ಬಂದಿದ್ದೇನೆ. ಊರೆಲ್ಲ ನೀರಲ್ಲಿ ಮುಳುಗಿದ ಒಂದು ಮಳೆಗಾಲದಲ್ಲಿ ನನ್ನ ಸಹೋದ್ಯೋಗಿಗಳು ಕಾರ್ಖಾನೆಯಲ್ಲೇ ಉಳಿದು, ಕ್ಯಾಂಟೀನಿನ ಖಿಚಡಿ ತಿಂದು, ಇಸ್ಪೀಟು ಆಡುತ್ತಾ ಕೂತರು. ನಾನೊಬ್ಬನೇ ಸೊಂಟಮಟ್ಟದ ನೀರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಅದರಲ್ಲೂ ಒಂದನ್ನು ಅಂಧೇರಿಯಲ್ಲಿ ಕಳೆದುಕೊಂಡು, ನಡೆದೇ ಮನೆ ಮುಟ್ಟಿದೆ. ಬಾಗಿಲು ತೆರೆದ ನನ್ನ ಹೆಂಡತಿ ಸುಮಿತ್ರಾ ಮೇಲಿಂದ ಕೆಳಗಿನವರೆಗೆ ನೋಡಿ, “ಇವತ್ತರೆ ಅಲ್ಲೇ ಇರಬಾರದಾಗಿತ್ತೇನ್ರಿ? ನಾ ಒಬ್ಬಾಕಿಗೆ ಆಗೂವಷ್ಟ ಅವಲಕ್ಕಿ ಹಚ್ಚೇನಿ” ಅಂದಳು. ಇಂಥ ಸ್ವಾಗತದ ನಂತರವೂ ಮಾರನೆಯ ದಿನ ಮತ್ತೆ ಮನೆಗೇ ಬಂದವನು ನಾನು.

ಅಂಥ ನನ್ನ ಬಗ್ಗೆ, ನನ್ನ ಮುಖವನ್ನೇ ನೋಡದ ಒಬ್ಬ ವೀಸಾ ಅಧಿಕಾರಿ, ಈತ ನಮ್ಮ ದೇಶಕ್ಕೆ ಬಂದರೆ ತಿರುಗಿ ಹೋಗುತ್ತಾನೆಂಬ ಭರವಸೆ ಇಲ್ಲ ಎಂದು ಬರೆದು ಕಳಿಸಿದ. ಅದು ಯಾವ ದೇಶ ಎಂದು ಇಲ್ಲಿ ಹೇಳುವುದಿಲ್ಲ. ಇನ್ನೊಮ್ಮೆ ಅರ್ಜಿ ಹಾಕುವ ಆಸೆ ಇರುವವನು ಬಾಯಿ ಬಿಗಿಹಿಡಿದಿರಬೇಕು.

ಆ ದೇಶದಲ್ಲಿ ನನ್ನ ಒಬ್ಬಳೇ ತಂಗಿ ಪ್ರಮೀಳಾ ಇದ್ದಾಳೆ. ಮನೆಯಲ್ಲಿ ಪಮ್ಮಿ. ಮದುವೆಯಾಗಿ ಹೋದವಳು, ಮೊದಮೊದಲು ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದಳು. ಬಂದಾಗಲೆಲ್ಲ ತವರೂರು ಧಾರವಾಡಕ್ಕೆ ಹೋಗುವ ಮೊದಲು ನಮ್ಮಲ್ಲಿ ಇಳಿದು, ನನ್ನ ಲುಂಗಿಗಳನ್ನು ನಗುತ್ತಾ ಎಣಿಸಿ, ಹೊಸದೊಂದು ಪ್ಯಾಂಟು ಕೊಡಿಸಿ ಹೋಗುವಳು. ಈಗ ಅವಳ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಅವಳ ಗಂಡ ಒಳ್ಳೆಯವನೇ, ಆದರೆ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ಅಡುಗೆ ಎಂದು ಕರೆಯುತ್ತಾನೆ. ಒಂದು ದಿನ ಪಮ್ಮಿ ವಿಡಿಯೊ ಕಾಲ್ ಮಾಡಿ, “ಅಣ್ಣಾ, ನನಗ ಇನ್ನ ವಿಮಾನದಾಗ ಬರ್ಲಿಕ್ಕೆ ಆಗೂದಿಲ್ಲ. ನೀನ ಒಮ್ಮೆ ಬಂದು ನೋಡಿಕೊಂಡು ಹೋಗು” ಅಂದಳು. ಮುಖ ಸಣ್ಣದಾಗಿತ್ತು. ಅಲ್ಲಿಯವರೆಗೆ ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ನಾನು ಹೂಂ ಅಂದೆ, ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು.

ಸ್ಟೇಷನ್ ಹತ್ತಿರ ಭಾವೇಶ ಎಂಬ ಏಜೆಂಟ್ ಇದ್ದಾನೆ. ಅಂಗಡಿಯ ಅರ್ಧ ಭಾಗದಲ್ಲಿ ಝೆರಾಕ್ಸ್, ಉಳಿದರ್ಧದಲ್ಲಿ ವಿದೇಶ ಪ್ರವಾಸ. ನಾನೂ ಸುಮಿತ್ರಾಳೂ ಹೋಗಿ ಕೂತೆವು. ಅವನು ಕೇಳಿದ ಮೊದಲ ಪ್ರಶ್ನೆ, ಅಂಕಲ್ ಹೆಸರಿನಲ್ಲಿ ಏನೇನಿದೆ ಎಂದು. ಆಸ್ತಿ, ಠೇವಣಿ, ಪಿಂಚಣಿ, ಏನಾದರೂ. ನಿಮ್ಮನ್ನು ಈ ದೇಶಕ್ಕೆ ಕಟ್ಟಿಹಾಕುವಂಥದ್ದು. ಈಗ ನನ್ನ ಬುದ್ಧಿವಂತಿಕೆಯ ವಿಷಯಕ್ಕೆ ಬರುತ್ತೇನೆ. ನಿವೃತ್ತಿಯ ನಂತರ ಹಳೆಯ ಮನೆ ಮಾರಿ ಲಿಫ್ಟ್ ಇರುವ ಈ ಬಿಲ್ಡಿಂಗಿಗೆ ಬಂದಾಗ, ಹೆಂಗಸರ ಹೆಸರಿನಲ್ಲಿ ಕೊಂಡರೆ ನೋಂದಣಿಯ ಖರ್ಚಿನಲ್ಲಿ ರಿಯಾಯಿತಿ ಎಂದು ಕಂಡುಹಿಡಿದವನು ನಾನೇ. ಸುಮಿತ್ರಾ ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು, ಅವಳಿಗೆ ಪಿಂಚಣಿ ಇದೆ. ಅವಳ ಬ್ಯಾಂಕಿನಲ್ಲಿ ಲೈನು ಕಡಿಮೆ ಎಂದು ಠೇವಣಿಯನ್ನೂ ಅವಳ ಹೆಸರಿಗೇ ಮಾಡಿಸಿದೆ. ಗ್ಯಾಸು ಅವಳ ಹೆಸರಿಗೆ, ಲೈಟ್ ಬಿಲ್ಲು ಅವಳ ಹೆಸರಿಗೆ. ಪ್ರತಿ ಸಲ ಹೀಗೆ ಏನಾದರೂ ಉಳಿಸಿದಾಗ ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ತಿರುಗಿದ್ದೇನೆ. ನಮ್ಮ ಮಗಳು ಪುಣೆಯಲ್ಲಿದ್ದಾಳಲ್ಲ ಎಂದು ಕೊನೆಯ ಅಸ್ತ್ರ ಬಿಟ್ಟೆ. ಮದುವೆಯಾದ ಮಗಳು ಲೆಕ್ಕಕ್ಕಿಲ್ಲ ಎಂದ ಭಾವೇಶ. ಫೈಲು ಮುಚ್ಚಿ, ನೊಂದವನಂತೆ ನನ್ನ ಕಡೆ ನೋಡಿ, “ಅಂಕಲ್, ಪೇಪರ್ ಪೇ ತೋ ಆಪ್ ಹೈ ಹೀ ನಹೀ” ಅಂದ. ಕಾಗದದ ಮೇಲೆ ನಾನು ಇಲ್ಲವೇ ಇಲ್ಲವಂತೆ. ಜೀವನವೆಲ್ಲ ಕಾಗದದ ಮೇಲೆ ಬೇರೆಯವರ ಲೆಕ್ಕ ಸರಿಮಾಡಿದವನಿಗೆ ಇದನ್ನು ಕೇಳಿ ಹೇಗಾಗಿರಬೇಡ.

ಆದರೂ ಅರ್ಜಿ ಹಾಕಿದೆವು. ವೀಸಾ ಕೇಂದ್ರದಲ್ಲಿ ಹತ್ತೂ ಬೆರಳಿನ ಗುರುತು ತೆಗೆದುಕೊಂಡರು, ಕನ್ನಡಕ ತೆಗೆಸಿ ಫೋಟೊ ಹಿಡಿದರು. ಯಾರಾದರೂ ಅಧಿಕಾರಿ ಎದುರಿಗೆ ಕೂತು ನನ್ನನ್ನು ಮಾತಾಡಿಸುತ್ತಾರೆ, ಆಗ ಆ ಮಳೆಗಾಲದ ಕತೆ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಅಲ್ಲಿ ನನ್ನನ್ನು ಮಾತಾಡಿಸಿದವನು ಸೆಕ್ಯುರಿಟಿಯವನು ಮಾತ್ರ, ಅದೂ ಮೊಬೈಲ್ ಬಂದ್ ಮಾಡಿ ಅನ್ನಲು. ಮೂರು ವಾರಕ್ಕೆ ಉತ್ತರ ಬಂತು. ನನಗೆ ಈ ದೇಶದಲ್ಲಿ ಹೇಳಿಕೊಳ್ಳುವಂಥ ಯಾವ ಕಟ್ಟೂ ಇಲ್ಲ, ಆದ್ದರಿಂದ ನಾನು ಹಿಂತಿರುಗುವುದು ಅನುಮಾನ. ನನ್ನ ಜೊತೆ ಬರಲಿದ್ದ ಕಾರಣಕ್ಕೆ ಸುಮಿತ್ರಾಳಿಗೂ ಇಲ್ಲ. ಪಮ್ಮಿಗೆ ಹೇಗೆ ಹೇಳುವುದು ಎಂಬ ಸಂಕಟವೇ ದೊಡ್ಡದಾಗಿತ್ತು. ಹೇಳಿದಾಗ ಅವಳು, “ಇರ್ಲಿ ಬಿಡಣ್ಣಾ, ಫೋನಿನಾಗ ನೋಡ್ತೀನಲ್ಲ” ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಭಾವೇಶ ಸೋಲೊಪ್ಪುವವನಲ್ಲ. ತಪ್ಪಾಗಿದ್ದು ಎಲ್ಲಿ ಎಂದು ವಿವರಿಸಿದ. “ದೋನೋ ಜಾಯೇಂಗೆ ತೋ ವಾಪಸ್ ಕಿಸ್ ಕೇ ಲಿಯೇ ಆಯೇಂಗೆ?” ಗಂಡ ಹೆಂಡತಿ ಇಬ್ಬರೂ ಹೊರಟರೆ ಅವರಿಗೆ ಸಂಶಯ ಬರುತ್ತದೆ, ಒಬ್ಬರು ಇಲ್ಲಿ ಉಳಿದರೆ ಇನ್ನೊಬ್ಬರು ಅವರಿಗಾಗಿ ಬಂದೇ ಬರುತ್ತಾರೆ ಎಂದು ನಂಬುತ್ತಾರೆ. ಇದು ನನಗೂ ಸರಿ ಅನ್ನಿಸಿತು. ತಂಗಿ ನನ್ನವಳು, ನಾನು ಹೋಗುತ್ತೇನೆ, ಇವಳು ಇಲ್ಲಿರಲಿ ಎಂದು ಹೊಸ ಸೂಟ್‌ಕೇಸಿನ ಬಗ್ಗೆ ಯೋಚಿಸತೊಡಗಿದೆ. ಭಾವೇಶ ಕೆಮ್ಮಿದ. ಅಂಕಲ್, ನಿಮಗೆ ಈಗಾಗಲೇ ಇಲ್ಲ ಅಂದಿದ್ದಾರೆ, ನಿಮ್ಮ ಹೆಸರಿನಲ್ಲಿ ಗ್ಯಾಸ್ ಸಿಲಿಂಡರ್ ಕೂಡ ಇಲ್ಲ. ಮನೆ ಆಂಟಿಯದು, ದುಡ್ಡು ಆಂಟಿಯದು, ಪಿಂಚಣಿ ಆಂಟಿಯದು. ಇಲ್ಲಿ ನೀವೂ ಒಬ್ಬರಿದ್ದರೆ ಆಂಟಿಯ ಫೈಲು ಪಕ್ಕಾ ಎಂದ. ಸಂಕ್ಷೇಪವಾಗಿ ಹೇಳುವುದಾದರೆ, ಫ್ಲ್ಯಾಟು, ಠೇವಣಿಗಳ ಕೆಳಗೆ ಹೆಂಡತಿಯ ಆಸ್ತಿಪಾಸ್ತಿಯಲ್ಲಿ ನನ್ನನ್ನೂ ಒಂದಾಗಿ ತೋರಿಸುವುದು.

ಸುಮಿತ್ರಾಳಿಗೂ ಪಮ್ಮಿಗೂ ಅಂಥ ಪ್ರೀತಿ ಇತ್ತೆಂದು ಹೇಳಲಾರೆ. ನಮ್ಮ ಮದುವೆಯಾದ ಹೊಸದರಲ್ಲಿ ಪಮ್ಮಿ ಇವಳ ಜೋಳದ ರೊಟ್ಟಿಯನ್ನು ಎತ್ತಿ ಹಿಡಿದು, “ವೈನಿ, ಇದು ಯಾವ ತಾಲೂಕಿನ ನಕಾಶಿ?” ಎಂದು ಕೇಳಿದ್ದಳು. ಆ ಮಾತಿಗೆ ಮಗಳಷ್ಟೇ ವಯಸ್ಸಾಗಿದೆ, ಇನ್ನೂ ತೀರಿಕೊಂಡಿಲ್ಲ. ಹಾಗಾಗಿ ಇವಳು ಒಲ್ಲೆ ಅನ್ನುತ್ತಾಳೆಂದೇ ನಾನು ಕಾದೆ. ಇವಳು ಸ್ವಲ್ಪ ಹೊತ್ತು ಸೀರೆಯ ಸೆರಗಿನಿಂದ ಕನ್ನಡಕ ಒರೆಸಿ, “ಹೋಗಿ ಬರ್ತೀನಿ. ಯಾರರೆ ಒಬ್ಬರು ಹೋಗಬೇಕಲ್ಲ ಪಾಪ ಆಕಿ ಹತ್ರ” ಅಂದಳು.

ನಂತರ ನನ್ನ ಪ್ರಮಾಣಪತ್ರ ತಯಾರಾಯಿತು. ಅರ್ಜಿದಾರಳ ಪತಿ ವೃದ್ಧ, ಆದಾಯವಿಲ್ಲದವನು, ಊಟ ಔಷಧಿಗಳಿಗೆ ಪತ್ನಿಯನ್ನೇ ಅವಲಂಬಿಸಿದವನು, ಆದ್ದರಿಂದ ಆಕೆ ಬೇಗ ಹಿಂತಿರುಗುವುದು ಅನಿವಾರ್ಯ ಎಂದು ಭಾವೇಶ ಬಡಬಡನೆ ಟೈಪು ಮಾಡಿದ. ಸುಮಿತ್ರಾ ಪಕ್ಕದಲ್ಲಿ ಕೂತು, ಶಾಲೆಯಲ್ಲಿ ಉಕ್ತಲೇಖನ ಕೊಡುವವಳಂತೆ, “ಚಹಾನೂ ಮಾಡ್ಲಿಕ್ಕೆ ಬರೂದಿಲ್ಲ ಅಂತ ಹಾಕ್ರಿ. ಹಾಸಿಗಿ ಮಡಚೂದೂ ಬರೂದಿಲ್ಲ” ಎಂದು ಸೇರಿಸುತ್ತಾ ಹೋದಳು. ಚಹಾ ನನಗೆ ಬರುತ್ತದೆ ಎಂದೆ. “ಸುಳ್ಳ ಬರೀಬಾರದ್ರಿ, ಸರಕಾರಿ ಕೆಲಸ” ಅಂದಳು. ನೋಟರಿ ವಕೀಲನ ಮುಂದೆ ನಿಂತು, ನಾನು ಯಾವ ಕೆಲಸಕ್ಕೂ ಬಾರದವನು ಎಂಬುದಕ್ಕೆ ನಾನೇ ಸಹಿ ಹಾಕಿದೆ. ಅವನು ಒಮ್ಮೆ ನನ್ನನ್ನು ನೋಡಿ, ಇನ್ನೇನೂ ಪುರಾವೆ ಕೇಳದೆ ಠಸ್ಸೆ ಒತ್ತಿದ.

ವೀಸಾ ಹತ್ತೇ ದಿನಕ್ಕೆ ಬಂತು. ಆರು ತಿಂಗಳದ್ದು. ಸುಮಿತ್ರಾ ಒಂದು ತಿಂಗಳಿಗೆ ಟಿಕೆಟ್ ಮಾಡಿಸಿದಳು. ಪಮ್ಮಿ ಏನು ತಿನ್ನಬಹುದು, ಏನು ತಿನ್ನಬಾರದು ಎಂದು ಅಲ್ಲಿಯ ಡಾಕ್ಟರು ಕೊಟ್ಟ ಚೀಟಿಯನ್ನು ತರಿಸಿಕೊಂಡು, ಅದನ್ನು ನಾಲ್ಕು ಸಲ ಓದಿ, ಉಪ್ಪಿಲ್ಲದ ಮೆಂತ್ಯದ ಹಿಟ್ಟು ಮಾಡಿ ಕಟ್ಟಿಕೊಂಡಳು. ವಿಮಾನ ನಿಲ್ದಾಣದ ಬಾಗಿಲಲ್ಲಿ ಟಿಕೆಟ್ ಇಲ್ಲದವರನ್ನು ಒಳಗೆ ಬಿಡಲಿಲ್ಲ. ನನ್ನ ತಂಗಿಯನ್ನು ನೋಡಲು ನನ್ನ ಹೆಂಡತಿ ಹೋಗುತ್ತಿದ್ದಾಳೆ, ನಾನು ಆಟೊ ಹುಡುಕುತ್ತಿದ್ದೇನೆ. ಆಟೊದಲ್ಲಿ ಅಂಧೇರಿಗೆ ಬಂದು, ಅಲ್ಲಿಂದ ಮೆಟ್ರೊದಲ್ಲಿ ಬರುವಾಗ ಕಣ್ಣಲ್ಲಿ ನೀರು ಬಂತು. ಎದುರಿಗೆ ಕೂತಿದ್ದ ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟಳು, ಅದರಿಂದ ಇನ್ನಷ್ಟು ದುಃಖವಾಯಿತು.

ಅಲ್ಲಿಗೆ ಹೋದ ಮೇಲೆ ನನ್ನ ಹೆಂಡತಿಯ ಫೋನುಗಳು ಚಿಕ್ಕವಾಗುತ್ತಾ ಬಂದವು. ಪಮ್ಮಿ ಇವತ್ತು ಎರಡು ತುತ್ತು ಜಾಸ್ತಿ ಉಂಡಳು, ಪಮ್ಮಿಗೆ ಎಣ್ಣೆ ಹಚ್ಚಬೇಕು, ಫೋನ್ ಇಡ್ತೀನ್ರಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವಳು ಇವಳೇ, ಸೂಜಿ ಚುಚ್ಚುವಾಗ ಕೈ ಹಿಡಿದುಕೊಳ್ಳುವವಳೂ ಇವಳೇ. ನಾನು ಮನಸ್ಸಿನ ಒಂದು ಮೂಲೆಯಲ್ಲಿ ಸಂತೋಷಪಟ್ಟೆ, ಇನ್ನೊಂದು ಮೂಲೆಯಲ್ಲಿ ಹೊಟ್ಟೆಕಿಚ್ಚಿನಿಂದ ಸುಟ್ಟುಕೊಂಡೆ. ತಿಂಗಳು ಮುಗಿಯಲು ಬಂದಾಗ ಒಂದು ಸಂಜೆ ಇಬ್ಬರೂ ಒಟ್ಟಿಗೆ ಪರದೆಯ ಮೇಲೆ ಕಾಣಿಸಿಕೊಂಡರು. ಪಮ್ಮಿಯ ಮುಖ ತುಸು ತುಂಬಿಕೊಂಡಿತ್ತು. ಸುಮಿತ್ರಾ, “ರೀ, ಟಿಕೆಟ್ ಮುಂದ ಹಾಕೇನಿ. ಇನ್ನೂ ಎರಡ ತಿಂಗಳು ಇರ್ತೀನಿ. ವೀಸಾ ಅದ ಹೆಂಗೂ” ಅಂದಳು. ನನ್ನ ಊಟ ಔಷಧಿಗಳು ಅವಳನ್ನೇ ಅವಲಂಬಿಸಿವೆ ಎಂದು ನೋಟರಿಯ ಎದುರು ಬರೆದುಕೊಟ್ಟಿರುವುದನ್ನು ನೆನಪಿಸಿದೆ.

“ಅದು ಕಾಗದದಾಗ ಬಿಡ್ರಿ” ಅಂದಳು. ಪಮ್ಮಿ ನಡುವೆ ಬಂದು, “ಅಣ್ಣಾ, ಇನ್ನೊಂದಿಷ್ಟು ದಿನ ವೈನಿನ್ನ ಇಟ್ಕೋತೀನಿ. ಬ್ಯಾಡ ಅನಬ್ಯಾಡ” ಅಂದಳು. ಅದು ಅವಳು ನನ್ನನ್ನು ಕೇಳಿದ ಎರಡನೆಯ ಮಾತು. ಮೊದಲನೆಯದನ್ನು ನಡೆಸಿಕೊಡಲಾಗದವನು ಇದಕ್ಕೆ ಹೇಗೆ ಇಲ್ಲ ಅನ್ನಲಿ. ಇರಲಿ, ಇರಲಿ ಎಂದೆ.

ಮರುದಿನ ಭಾವೇಶನ ಅಂಗಡಿಗೆ ಹೋದೆ. ಹೆಂಡತಿಯೂ ಅಲ್ಲೇ ಇದ್ದಾಳೆ, ತಂಗಿಯೂ ಅಲ್ಲೇ ಇದ್ದಾಳೆ, ಈಗಲಾದರೂ ನನಗೆ ಹೋಗಲು ಬಲವಾದ ಕಾರಣವಿದೆಯಲ್ಲ ಎಂದು ಕೇಳಿದೆ. ಅವನು ಯಾರದೋ ಆಧಾರ್ ಕಾರ್ಡಿನ ಝೆರಾಕ್ಸ್ ತೆಗೆಯುತ್ತಾ, “ಅಂಕಲ್, ಅಬ್ ತೋ ಬಿಲ್ಕುಲ್ ನಹೀ. ಆಂಟಿ ಭೀ ಉಧರ್, ಸಿಸ್ಟರ್ ಭೀ ಉಧರ್. ಆಪ್ ಗಯೇ ತೋ ಕಾಯ್ಕೋ ವಾಪಸ್ ಆಯೇಂಗೆ?” ಅಂದ. ಹೋಗಲು ಕಾರಣ ಬಲವಾದಷ್ಟೂ ಬರಲು ಕಾರಣ ಕಡಿಮೆಯಾಗುತ್ತದಂತೆ.

ಜಗಳವಾಡಲೆಂದೇ ಬಾಯಿ ತೆರೆದೆ. ಆದರೆ ಹಿಂದಿನ ಸಂಜೆ ಆ ಪರದೆಯಲ್ಲಿ ಕಂಡದ್ದು ಕಣ್ಣಿಗೆ ಬಂತು. ಸೋಫಾದ ಮೇಲೆ ಕಾಲು ಮಡಚಿ ಕೂತ ಪಮ್ಮಿ, ಅವಳ ಕೂದಲಿಗೆ ಎಣ್ಣೆ ತಟ್ಟುತ್ತಿರುವ ಸುಮಿತ್ರಾ, ಪಕ್ಕದಲ್ಲಿ ಖಾಲಿ ಕುರ್ಚಿ. ಆ ಕುರ್ಚಿಯಲ್ಲಿ ನಾನು ಹೋಗಿ ಕೂತೆ ಅಂತಿಟ್ಟುಕೊಳ್ಳಿ. ವೀಸಾ ಮುಗಿಯಿತು, ಟ್ಯಾಕ್ಸಿ ಬಂತು, ಏಳಿ ಎಂದರು. ಅಂಗಡಿಯಲ್ಲಿ ನಿಂತುಕೊಂಡೇ ಪ್ರಾಮಾಣಿಕವಾಗಿ ಯೋಚಿಸಿದೆ. ನಾನು ಏಳುತ್ತಿರಲಿಲ್ಲ. ಇಷ್ಟು ವರ್ಷ ನನ್ನ ಜೊತೆ ಬದುಕಿದ ನನಗೇ ಗೊತ್ತಿಲ್ಲದ್ದು, ನನ್ನ ಮುಖ ನೋಡದ ಆ ಅಧಿಕಾರಿಗೆ ಗೊತ್ತಿತ್ತು.