ಅಮೆರಿಕದ ಹುಡುಗನಿಗೆ ಕೆಂಪು ಶಾಯಿ

ನ್ಯಾಮತಿಯಿಂದ ಬಸ್ಸು ಹಿಡಿದು ಹೊನ್ನಾಳಿ ಕಡೆಯ ಕಾಲೇಜಿಗೆ ಇಂಗ್ಲಿಷ್ ಪಾಠ ಹೇಳಲು ಹೋಗುವ ನನಗೆ ನಗಲು ಬೇರೆ ಖರ್ಚಿಲ್ಲ. ಪುಸ್ತಕ ತೆರೆದರೆ ಸಾಕು, ಏನಾದರೊಂದು ಆಗುತ್ತದೆ. ಕಳೆದ ವರ್ಷ ಹಠ ಹಿಡಿದು ಅಮೆರಿಕದ ಒಂದು ಹಳೇ ಕಾದಂಬರಿ ಆರಿಸಿಕೊಂಡೆ. ಶಾಲೆಗೆ ನೆಟ್ಟಗೆ ಹೋಗದ ಹುಡುಗನೊಬ್ಬ, ತಪ್ಪಿಸಿಕೊಂಡು ಬಂದ ಗುಲಾಮನ ಜೊತೆ ಹೊಳೆಗುಂಟ ಹೋದ ಕಥೆಯನ್ನು ತನ್ನ ಆಡುಮಾತಿನಲ್ಲೇ ಹೇಳುತ್ತಾನೆ. ಅದರಲ್ಲಿ ಕರಿಯರನ್ನು ಕರೆಯುವ ಬೈಗುಳಕ್ಕೆ ಅಮೆರಿಕದಲ್ಲಿ ಇವತ್ತಿಗೂ ಜಗಳ.

"ಗಲಾಟೆ ಪುಸ್ತಕ ನಮಗ್ಯಾಕ್ರೀ? ತಪಾಸಣೆ ತಂಡದೋರು ಏನಾರ ಅಂದ್ರೆ ಅವತ್ತೇ ತೆಗೆದುಬಿಡ್ತೀನಿ" ಎಂದರು ಪ್ರಿನ್ಸಿಪಾಲರು.

೧. ಲೈಬ್ರರಿಯಲ್ಲಿ

ನಮ್ಮ ಲೈಬ್ರರಿಯನ್ ಬಲು ಶಿಸ್ತಿನವರು. ಕಾದಂಬರಿಯ ಹೊಸ ಪ್ರತಿ ಕೇಳಲು ಹೋದರೆ, ಪುಟದ ತುಂಬ ಕೆಂಪು ಶಾಯಿ!

"ಬರೀ ತಪ್ಪು ಐತ್ರೀ ಮೇಡಂ. ಅರ್ಧ ತಿದ್ದೀನಿ. ಮಿಕ್ಕಿದ್ದು ದಸರಾ ರಜೆಗೆ ಮುಗಿಸ್ತೀನಿ."

"ಅಯ್ಯೋ ಸರ್, ಆ ಹುಡುಗ ಮಾತಾಡೋದೇ ಹಂಗೆ!"

"ಹಂಗಂತ ಅಚ್ಚು ಹಾಕ್ಸಾದಾ? ಅಮೆರಿಕದಾಗೆ ಮೇಷ್ಟ್ರೇ ಇಲ್ಲೇನ್ರೀ?"

೨. ಕೊನೇ ಬೆಂಚು

ಸಾಸ್ವೆಹಳ್ಳಿಯ ಹುಡುಗಿಯೊಬ್ಬಳು ತರಗತಿಯಲ್ಲಿ ಬಾಯಿ ಬಿಡುತ್ತಲೇ ಇರಲಿಲ್ಲ. ಕೇಳಿದರೆ, "ನಂಗೆ ಬುಕ್ಕಿನಂಗೆ ಮಾತಾಡಾಕೆ ಬರಲ್ಲ ಮೇಡಂ" ಎಂದಳು. ನನಗೆ ಪಾಪ ಅನ್ನಿಸಿತು.

"ಈ ಕಥೆ ಹೇಳೋ ಹುಡುಗನಿಗೂ ಬರಲ್ಲ ಕಣಮ್ಮಾ."

ಅವಳು ಪುಸ್ತಕ ಎತ್ತಿ ದಪ್ಪ ನೋಡಿದಳು. "ಬರದೇನೇ ಇಷ್ಟ್ ಮಾತಾಡ್ಯಾನಾ?"

ಅವತ್ತಿನಿಂದ ಅವಳ ಬಾಯಿ ಮುಚ್ಚಿಸುವುದೇ ನನಗೊಂದು ಕೆಲಸವಾಯಿತು.

೩. ತಪಾಸಣೆಯ ದಿನ

ತಂಡದ ಹಿರಿಯರೊಬ್ಬರು ಬೆಳಗಿನಿಂದ ಗ್ರಂಥದ ಕನ್ನಡವನ್ನೇ ಆಡುತ್ತಿದ್ದರು. ನಮ್ಮ ತರಗತಿಗೆ ಬಂದು, "ಪಠ್ಯದ ಒಂದು ಸನ್ನಿವೇಶವನ್ನು ಯಾರಾದರೂ ವಿವರಿಸಿರಿ" ಎಂದರು. ಪ್ರಿನ್ಸಿಪಾಲರು ನನಗೆ ಕಣ್ಣಲ್ಲೇ ಬೇಡ ಅಂದರು. ಅಷ್ಟರಲ್ಲಿ ಕೊನೇ ಬೆಂಚಿನವಳು ಎದ್ದಾಗಿತ್ತು.

"ಊರೋರೆಲ್ಲ ಆ ಓಡಿಬಂದ ಗುಲಾಮನ್ನ ಹಿಡ್ಕೊಡು ಅಂತಾರ್ರೀ. ಇಲ್ಲಿ ಅವನಿಗೊಂದು ಹೊಲಸು ಮಾತಂತಾರೆ, ಅದನ್ನ ನಾ ಅನ್ನಲ್ಲ. ಹುಡುಗ ಯೋಚ್ನೆ ಮಾಡ್ತಾನೆ: ನನ್ ಜೊತೆ ಉಂಡೋನು, ನಾ ಮಲಗಿದ್ರೆ ಎದ್ದು ಕಾದೋನು. ಹೆಂಗ್ ಹಿಡ್ಕೊಡ್ಲಿ? ಏನಾರ ಆಗ್ಲಿ, ಕೊಡಂಗಿಲ್ಲ!"

ಹಿರಿಯರು ಕುರ್ಚಿಯ ತುದಿಗೆ ಬಂದಿದ್ದರು.

"ಭೇಷ್ ಕಣವ್ವಾ! ನಮ್ ಜಗಳೂರಾಗೂ ಹಿಂಗೇ ಮಾತಾಡ್ತೀವಿ. ಮುಂದೇನಾತು ಹೇಳು!" ಎಂದರು. ಗ್ರಂಥದ ಕನ್ನಡ ಎಲ್ಲಿ ಹೋಯಿತೋ!

ಪುಸ್ತಕ ಉಳಿಯಿತು. ಚಪ್ಪಾಳೆ ನಿಲ್ಲುವ ಹೊತ್ತಿಗೆ, ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ ಲೈಬ್ರರಿಯನ್ ಕಣ್ಣೊರೆಸಿಕೊಳ್ಳುತ್ತಾ ನನ್ನ ಬಳಿ ಬಂದರು.

"ಮೇಡಂ, ಈ ದಸರಾ ರಜೆ ಸಾಲಂಗಿಲ್ರೀ. ತಿದ್ದಿದ್ದನ್ನೆಲ್ಲ ಮತ್ತೆ ತಪ್ಪು ಮಾಡ್ಬೇಕು!"