ಅಡುಗೆಮನೆಯ ನಡುವೆ ಒಂದು ಪ್ಲಗ್ಗು

ವಿದ್ಯುಚ್ಛಕ್ತಿಯ ವಿಷಯದಲ್ಲಿ ನನಗೆ ಯಾರೂ ಏನನ್ನೂ ಕಲಿಸಬೇಕಾಗಿರಲಿಲ್ಲ. ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಆ ಪಾಠ ಹೇಳಿದವನು ನಾನು. ಹೀಗಾಗಿ, ನನ್ನ ಹೆಂಡತಿ ಗೌರಿಯ ಕೆಂಪಡರಿದ ಕಣ್ಣು ನೋಡಿದ ಡಾಕ್ಟರು, "ಮಾಸ್ತರ್ರ, ಇವರನ್ನ ಹೊಗಿಯಿಂದ ದೂರ ಇಡ್ರಿ. ಇಲ್ಲಾಂದ್ರ ಕಣ್ಣು ಉಳಿಯೂದು ಕಷ್ಟ ಐತಿ" ಎಂದಾಗ ಹೆದರಿದ್ದು ನಿಜ, ಆದರೆ ಎದೆಗುಂದಲಿಲ್ಲ. ವಿದ್ಯುತ್ ಒಲೆ ತಂದರೆ ಮುಗಿಯಿತು. ಹೊಗೆಯೇ ಇಲ್ಲ!

ಒಲೆ ಸೊಲ್ಲಾಪುರದಿಂದ ಬಂತು. ಅದಕ್ಕೊಂದು ಪ್ಲಗ್ಗು ಬೇಕಾಗಿತ್ತು. ಅದನ್ನು ನೆನೆದರೆ ಈಗಲೂ ಮೈಯೆಲ್ಲ ಸುಸ್ತಾಗುತ್ತದೆ.

ಅದೇ ವಾರ ಗಾಂಧಿ ಚೌಕದ ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಕಾಗದದಲ್ಲಿ ಒಂದು ಪರದೇಶದ ಚಿತ್ರವಿತ್ತು. ಅಡುಗೆಮನೆಯ ನಟ್ಟನಡುವೆ, ಯಾವ ಗೋಡೆಗೂ ತಾಗದ ಒಂದು ಕಟ್ಟೆ. ಅದರ ಮುಂದೆ ನಿಂತು ಒಬ್ಬ ಹೆಂಗಸು ನಗುತ್ತಿದ್ದಳು. ನಮ್ಮ ಅಡುಗೆಮನೆಯಲ್ಲಿ ಯಾರೂ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕಾರಣ ಗೋಡೆಯೇ ಇರಬೇಕೆಂದು ತೀರ್ಮಾನಿಸಿ, ಗೌಂಡಿಯನ್ನು ಕರೆಸಿ, ನಡುವೆ ಸೊಂಟದೆತ್ತರದ ಕಟ್ಟೆ ಕಟ್ಟಿಸಿಬಿಟ್ಟೆ. ಸುತ್ತ ಉಳಿದ ಜಾಗದಲ್ಲಿ ಗೌರಿ ಅಡ್ಡಡ್ಡ ನಡೆಯಬೇಕಾಯಿತು.

"ರೀ, ರೊಟ್ಟಿ ಎಲ್ಲಿ ಕುಂತು ಬಡೀಲಿ?"

"ಕುಂತಲ್ಲ, ನಿಂತು ಬಡಿ."

"ನಿಂತು ರೊಟ್ಟಿ ಬಡಿಯವ್ರನ್ನ ಎಲ್ಲ್ಯರ ನೋಡೀರೇನು?"

ನೋಡಿರಲಿಲ್ಲ. ಆದರೆ ಮಾಸ್ತರನಾದವನು ಅಷ್ಟು ಸುಲಭಕ್ಕೆ ಒಪ್ಪಿಕೊಳ್ಳಬಾರದು.

ವಾಯರಮನ್ ಇಮಾಮಸಾಬ ಬಂದ. ನಾನು ತೋರಿಸಿದಂತೆ ಮೊದಲ ಪ್ಲಗ್ಗನ್ನು ಕಟ್ಟೆಯ ಬುಡದಲ್ಲಿ ಕೂರಿಸಿದ. ಗೌರಿ ಎಂದಿನಂತೆ ಎರಡು ಕೊಡ ನೀರು ಸುರಿದು ನೆಲ ತೊಳೆದಳು. ಪ್ಲಗ್ಗಿನ ಮೂರೂ ತೂತುಗಳಿಂದ ನೀರು ಇಳಿಯಿತು. ಪುಣ್ಯಕ್ಕೆ ಇನ್ನೂ ಕರೆಂಟು ಕೊಟ್ಟಿರಲಿಲ್ಲ! ಅದನ್ನು ಕಿತ್ತು ಕಟ್ಟೆಯ ಮೇಲೆಯೇ ಕೂರಿಸಿದೆವು. ಜೋಳದ ಹಿಟ್ಟು ತುಂಬಿ ತೂತುಗಳೇ ಕಾಣದಾದವು. ಅದನ್ನೂ ಕಿತ್ತು ಗೋಡೆಗೆ ಹಾಕಿದೆವು. ಅಲ್ಲಿಂದ ಕಟ್ಟೆಗೆ ಎಳೆದ ವಾಯರಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದವನು ಒಬ್ಬನೇ. ಬೇಳೆಸಾರಿನ ಪಾತ್ರೆ ಹಿಡಿದಿದ್ದವನೂ ಅವನೇ. ಹೆಸರು ಬೇಡ!

"ಮ್ಯಾಗಿಂದ ಇಳಿಬಿಡೂಣ್ರಿ ಮಾಸ್ತರ್ರ," ಎಂದ ಇಮಾಮಸಾಬ. "ತೊಲಿ ಗುಂಟ ವಾಯರ ತರ್ತೀನಿ. ಎರಡು ದಿನದ ಕೆಲಸ."

ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಸರಳರೇಖೆ ಎಂದು ನಾನು ಅವನಿಗೆ ಸಾವಧಾನವಾಗಿ ವಿವರಿಸಿದೆ. ವಾಯರನ್ನು ಮಾಳಿಗೆಯ ಮೇಲಿಂದ ತಂದು, ಪೈಪಿನಷ್ಟು ತೂತು ಹೊಡೆದು, ನೇರವಾಗಿ ಕಟ್ಟೆಯ ಮೇಲೆ ಇಳಿಸುವುದು! ಮಾಳಿಗೆ ಹತ್ತಿದ ಮೇಲೆ ಇಮಾಮಸಾಬ ಹಾರೆಯನ್ನು ನನ್ನ ಕೈಗೇ ಕೊಟ್ಟು ಹಿಂದೆ ಸರಿದ. ಆಗಲೇ ಅನುಮಾನ ಬರಬೇಕಿತ್ತು.

ನಮ್ಮದು ಹಳೆಯ ಮಣ್ಣಿನ ಮಾಳಿಗೆ. ಮೂರನೆಯ ಏಟಿಗೆ ಬುಟ್ಟಿಯಗಲದ ಮಣ್ಣು ಕೆಳಗೆ ಹೋಯಿತು. ಬಗ್ಗಿ ಇಣುಕಿದೆ. ಕೆಳಗೆ ಗೌರಿ. ಕೈಯಲ್ಲಿ ನಾದಿದ ಹಿಟ್ಟು, ತಲೆಯ ಮೇಲೆ ಮಾಳಿಗೆ.

"ಆತೇನ್ರಿ?" ಎಂದಳು, ಅಷ್ಟೇ.

ಕರೆಂಟು ಕೊಡುವ ಮೊದಲು ತಪಾಸಣೆಗೆ ವಿದ್ಯುತ್ ಕಚೇರಿಯ ಒಬ್ಬ ಸಾಹೇಬರು ಬಂದರು. ಕಟ್ಟೆ ನೋಡಿದರು. ತೂತಿನಿಂದ ಇಳಿಬಿದ್ದ ಪ್ಲಗ್ಗು ನೋಡಿದರು. ಕತ್ತೆತ್ತಿ, ತೂತಿನಾಚೆ ಹಾರಿಹೋದ ಹದ್ದನ್ನೂ ನೋಡಿದರು.

"ಸಾಲ್ಯಾಗ ಏನು ಕಲಿಸ್ತೀರಿ ನೀವು?"

"ವಿಜ್ಞಾನರಿ."

"ಮಳಿ ಬಂದ್ರ ನೀರು ಎಲ್ಲಿ ಬೀಳತೈತಿ?"

"ಪ್ಲಗ್ಗಿನ ಮ್ಯಾಲರಿ."

ಉತ್ತರ ಸರಿಯಾಗಿತ್ತು. ಫೇಲಾದೆ!

ಪ್ಲಗ್ಗು ಇಮಾಮಸಾಬನ ಚೀಲಕ್ಕೆ ಹೋಯಿತು. ಆ ರಾತ್ರಿ ನಾನು ಉಣ್ಣಲಿಲ್ಲ. ಕರೆಂಟು ಹೋದರೆ ಹೋಗಲಿ, ಅವಳ ಕಣ್ಣು? ಮರುದಿನ ಶಾಲೆಯಿಂದ ಬಂದವನೇ ಮಾಳಿಗೆಯ ತೂತು ಮುಚ್ಚಿಸಲು ಗೌಂಡಿಯನ್ನು ಕರೆಯುತ್ತೇನೆಂದು ಹೇಳುತ್ತ ಅಡುಗೆಮನೆಗೆ ಇಣುಕಿದೆ.

ಗೌರಿ ಹಳೆಯ ಕಟ್ಟಿಗೆ ಒಲೆಯನ್ನು ಕಟ್ಟೆಯ ಮೇಲಕ್ಕೆ ಏರಿಸಿದ್ದಳು. ತಾನೂ ಏರಿ, ಚಕ್ಕಳಮಕ್ಕಳ ಹಾಕಿ ಕುಳಿತು, ಪಟಪಟ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಹೊಗೆ ಅತ್ತಿತ್ತ ನೋಡದೆ, ಸರಳರೇಖೆಯಲ್ಲಿ, ನನ್ನ ತೂತಿನಿಂದ ಹೊರಗೆ ಹೋಗುತ್ತಿತ್ತು.

"ಮುಚ್ಚಿಸಿದ್ರ ನೋಡ್ರಿ ಮತ್ತ!" ಎಂದು ನಕ್ಕಳು. ಆ ಅಡುಗೆಮನೆಯಲ್ಲಿ ನಾನು ಕಂಡ ಮೊದಲ ನಗು ಅದು. ನಾನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಹೊಗೆಯ ನೆಪ ಹೇಳೋಣವೆಂದರೆ ಹೊಗೆಯೂ ಇರಲಿಲ್ಲ.

ಮೂರು ತಿಂಗಳ ಮೇಲೆ ಡಾಕ್ಟರು ಅವಳ ಕಣ್ಣು ನೋಡಿ ಹಿಗ್ಗಿದರು. "ಭಾಳ ಚಲೋ ಆಗ್ಯಾವು! ವಿದ್ಯುತ್ ಒಲಿ ಚಲೋ ಕೆಲಸ ಮಾಡಾಕತ್ತೈತಿ ಅಲ್ರಿ?"

"ಹೌದ್ರಿ," ಎಂದಳು ಗೌರಿ, ನನ್ನ ಮಾನ ಉಳಿಸಲು.

ಅದು ಪೂರ್ತಿ ಸುಳ್ಳೇನಲ್ಲ. ಮಳೆ ಬಂದಾಗ ತೂತಿಗೆ ತಗಡು ಮುಚ್ಚುತ್ತೇವೆ. ತಗಡು ಹಾರದಂತೆ ಅದರ ಮೇಲೆ ಭಾರಕ್ಕೆ ಇಡುವುದು ಆ ವಿದ್ಯುತ್ ಒಲೆಯನ್ನೇ. ಮೋಡ ಕಂಡರೆ ಕೊಡೆ ಹಿಡಿದು ಮಾಳಿಗೆ ಹತ್ತುವ ಕೆಲಸ ಮಾತ್ರ ಮನೆಯ ವಿದ್ಯುತ್ ತಜ್ಞನದು.